ಪುಸ್ತಕ ಮುಚ್ಚಿ ಹೇಳು ನೋಡೋಣ

ಯವ್ವಾ, ಬೆರಳಿನ ಅಚ್ಚು ಒತ್ತಿಸಿಕೊಂಡು 'ನಿಮ್ಮ ಮಗು ನೋಡಿ ಕಲಿಯುತ್ತದೋ, ಕೇಳಿ ಕಲಿಯುತ್ತದೋ, ಕೈಯಿಂದ ಮಾಡಿ ಕಲಿಯುತ್ತದೋ ಹೇಳಿಬಿಡುತ್ತೇವೆ' ಎನ್ನುವವರಿಗೆ ನಿಮ್ಮಪ್ಪ ಬಿಡಿಗಾಸನ್ನೂ ಕೊಡುವುದು ಬೇಡ. ಹೈದರಾಬಾದಿನಿಂದ ಬಂದಿದ್ದಾರೆ, ಬಣ್ಣದ ಚಾರ್ಟು ಮಾಡಿ ಕೊಡುತ್ತಾರೆ, ಓಣಿಯವರೆಲ್ಲ ಮಾಡಿಸುತ್ತಿದ್ದಾರೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಮಾಡಿಸುವವರು ಮಾಡಿಸಲಿ. ಡಿಎಂಐಟಿ ಎಂಬ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ ಬಿಡಿಸಿ ಹೇಳಿದೆ. ಹಸ್ತ ನೋಡಿ ಭವಿಷ್ಯ ಹೇಳುವವನು ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂದಿದ್ದಾನೆ, ಅಷ್ಟೆ.

ಬೆರಳಿನ ಮಾತು ಅಲ್ಲಿಗಿರಲಿ. ಅದರ ಬೆನ್ನಿಗೆ ನಿಂತಿರುವ ನಂಬಿಕೆ ದೊಡ್ಡದು. ಅದನ್ನು ದುಡ್ಡಿನ ಆಸೆಯಿಲ್ಲದ ಒಳ್ಳೆಯ ಮೇಷ್ಟ್ರುಗಳೂ ನಂಬಿದ್ದಾರೆ. ನಾನು ನೌಕರಿಯಲ್ಲಿದ್ದಾಗ ತರಬೇತಿಗೆ ಕರೆದಲ್ಲೆಲ್ಲ ಇದನ್ನು ಹೇಳುತ್ತಿದ್ದರು: ಒಂದೊಂದು ಮಗುವಿಗೆ ಒಂದೊಂದು ಕಲಿಕೆಯ ಶೈಲಿ ಇದೆ, ಕಣ್ಣಿನ ಮಗುವಿಗೆ ಚಿತ್ರ ತೋರಿಸಿ, ಕಿವಿಯ ಮಗುವಿಗೆ ಮಾತು ಕೇಳಿಸಿ, ಕೈಯ ಮಗುವಿಗೆ ಕೆಲಸ ಹಚ್ಚಿ ಎಂದು. ಈ ವಿಂಗಡಣೆಯ ಹೆಸರಾಂತ ರೂಪ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರದು. 1992ರಲ್ಲಿ ಅವರು ನೋಟ, ಕೇಳಿಕೆ, ಓದು-ಬರಹ, ಕೈಗೆಲಸ ಎಂದು ನಾಲ್ಕು ಪಾಲು ಮಾಡಿ ಒಂದು ಪ್ರಶ್ನಾವಳಿ ಕೊಟ್ಟರು. ಇಂಥದ್ದನ್ನು ಮಾಡಿದವರು ಅವರೊಬ್ಬರೇ ಅಲ್ಲ. 2004ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಇಂಥ ವಿಂಗಡಣೆಗಳನ್ನು ಎಣಿಸಲು ಕೂತಾಗ 71 ಸಿಕ್ಕವು. ಹಾರ್ವರ್ಡಿನ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಬುದ್ಧಿ ಒಂದೇ ಅಲ್ಲ, ಹಲವು ಬಗೆ ಎಂದು ಬರೆದಿದ್ದರು. ಅವರ ಹೆಸರನ್ನೂ ಜನ ಇದಕ್ಕೇ ತಂದು ಕಟ್ಟಿದರು. ತಮ್ಮ ಮಾತು ಬೇರೆ, ಈ ಶೈಲಿಗಳ ಮಾತು ಬೇರೆ ಎಂದು ಅವರೇ 2013ರಲ್ಲಿ ಪತ್ರಿಕೆಗೆ ಬರೆಯಬೇಕಾಯಿತು.

ಇದು ನಿಜವೋ ಸುಳ್ಳೋ ಎಂದು ಪರೀಕ್ಷಿಸಿ ನೋಡುವುದು ಅಂಥ ಕಷ್ಟವೇನಲ್ಲ. 'ನೋಡಿ ಕಲಿಯುವವರು' ಎನಿಸಿಕೊಂಡ ಮಕ್ಕಳನ್ನು ಎರಡು ಪಾಲು ಮಾಡಬೇಕು. ಒಂದು ಪಾಲಿಗೆ ಪಾಠವನ್ನು ಚಿತ್ರದಲ್ಲಿ ಹೇಳಬೇಕು, ಇನ್ನೊಂದಕ್ಕೆ ಬರೀ ಮಾತಿನಲ್ಲಿ. 'ಕೇಳಿ ಕಲಿಯುವವರನ್ನೂ' ಹಾಗೆಯೇ ಎರಡು ಪಾಲು. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಕಣ್ಣಿನವರು ಚಿತ್ರದಲ್ಲಿ ಗೆದ್ದು, ಕಿವಿಯವರು ಮಾತಿನಲ್ಲಿ ಗೆದ್ದರೆ ನಂಬೋಣ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಅಮೆರಿಕದ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಹೀಗೆ ನೆಟ್ಟಗೆ ಪರೀಕ್ಷೆ ಮಾಡಿದವೇ ಬೆರಳೆಣಿಕೆ. ಮಾಡಿದವುಗಳಲ್ಲೂ ಹಲವು ಈ ನಂಬಿಕೆಗೆ ತಿರುಗಿ ಬಿದ್ದವು. ಶಾಲೆಗಳು ಇದಕ್ಕೆ ಹಣ, ಹೊತ್ತು ಹಾಕಲು ತಕ್ಕ ಆಧಾರವಿಲ್ಲ ಎಂದು ಅವರು ತೀರ್ಮಾನ ಕೊಟ್ಟರು.

ಹಾಗಾದರೆ ಎಲ್ಲರೂ ಒಂದೇ ಥರವೇ ಎಂದು ನೀನು ಕೇಳುತ್ತೀ. ಅಲ್ಲ. ನಿನಗೆ ಫೋನಿನಲ್ಲಿ ವಿಡಿಯೋ ನೋಡುವುದು ಇಷ್ಟ, ನಿನ್ನ ತಮ್ಮನಿಗೆ ಬಿಚ್ಚಿ ಜೋಡಿಸುವುದು ಇಷ್ಟ. ಇಷ್ಟ ಬೇರೆ, ತಲೆಗೆ ಹತ್ತುವುದು ಬೇರೆ. ವಿಡಿಯೋ ನೋಡುವಾಗ ಹೇಳುವವನು ನುಣ್ಣಗೆ ಹೇಳುತ್ತಾ ಹೋಗುತ್ತಾನೆ, ನೀನು ಹೂಂ ಹೂಂ ಎನ್ನುತ್ತಾ ಹೋಗುತ್ತೀ, ಎಲ್ಲ ಬಂತು ಅನಿಸುತ್ತದೆ. ಬಂದಿರುವುದು ಅವನಿಗೆ. ಹಾರ್ವರ್ಡಿನಲ್ಲೇ ಭೌತಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ಇದನ್ನು ನೋಡಿ 2019ರಲ್ಲಿ ಪ್ರಕಟಿಸಿದರು. ಒಳ್ಳೆಯ ಉಪನ್ಯಾಸ ಕೇಳಿದವರು 'ಚೆನ್ನಾಗಿ ಕಲಿತೆವು' ಎಂದರು. ತಾವೇ ಗುಂಪಿನಲ್ಲಿ ಲೆಕ್ಕ ಬಿಡಿಸುತ್ತಾ ತಿಣುಕಿದವರು 'ಅಷ್ಟೇನೂ ಕಲಿಯಲಿಲ್ಲ' ಎಂದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ತಿಣುಕಿದವರಿಗೆ. ಓದುವಾಗ ಸುಲಭ ಅನಿಸಿತು ಎಂಬುದು ಒಳ್ಳೆಯ ಲಕ್ಷಣವೇ ಆಗಬೇಕಿಲ್ಲ.

ನನ್ನ ಮಾತು ಇಷ್ಟೇ. ನಾನು ಯಾವ ಥರ ಕಲಿಯುವವಳು ಎಂದು ಕೇಳಿಕೊಳ್ಳಬೇಡ. ಈ ವಿಷಯ ಯಾವ ಥರ ಕಲಿಯಬೇಕಾದದ್ದು ಎಂದು ಕೇಳಿಕೋ. ಕಲಿಯುವ ದಾರಿಯನ್ನು ಹೇಳುವುದು ವಿಷಯ.

ಗದ್ವಾಲಕ್ಕೆ ಹೋದಾಗ ಮಗ್ಗದ ಮನೆ ನೋಡಿದ್ದೀಯಲ್ಲ. ಆ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಹತ್ತಿಯ ಹೊಕ್ಕು ಎಲ್ಲಿ ನಿಲ್ಲುತ್ತದೋ ಅಲ್ಲೇ ರೇಷ್ಮೆಯ ಹೊಕ್ಕು ಬಂದು ಅದಕ್ಕೆ ಕೊಂಡಿ ಹಾಕಿಕೊಂಡು ಹಿಂದಿರುಗಬೇಕು. ಒಡಲಿಗೆ ಒಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿ ಆಡಬೇಕು. ಒಬ್ಬರ ಕೈ ಸಾಲದೆ ಮಗ್ಗದ ಮೇಲೆ ಇಬ್ಬರು ಕೂರುವುದೂ ಉಂಟು. ಕೊಂಡಿ ಸಡಿಲಾದರೆ ಅಂಚಿಗೂ ಒಡಲಿಗೂ ನಡುವೆ ಸಂದು ಬೀಳುತ್ತದೆ, ಬಿಗಿಯಾದರೆ ಬಟ್ಟೆ ಮುದುಡುತ್ತದೆ. ಎಷ್ಟು ಬಿಗಿ ಎಂಬುದನ್ನು ಯಾವ ಮೇಷ್ಟ್ರೂ ಹಲಗೆಯ ಮೇಲೆ ಬರೆದು ತೋರಿಸಲಾರ. ಅದು ಬೆರಳಿಗೆ ಗೊತ್ತಾಗಬೇಕು. ಅದಕ್ಕೇ ಅಲ್ಲಿ ಮಕ್ಕಳ ಕೈಗೆ ಮೊದಲ ದಿನವೇ ಲಾಳಿ ಕೊಡುವುದಿಲ್ಲ. ಮೊದಲು ಕಂಡಿಕೆ ಸುತ್ತುವ ಕೆಲಸ, ಆಮೇಲೆ ಹರಿದ ಎಳೆ ಹುಡುಕಿ ಗಂಟು ಹಾಕುವ ಕೆಲಸ. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂರುವುದು ಅದಕ್ಕೂ ಆಮೇಲೆ. ತಪ್ಪು ನೆಯ್ದರೆ ಪಕ್ಕದಲ್ಲಿರುವವರು ಅಲ್ಲೇ ಬಿಚ್ಚಿಸುತ್ತಾರೆ. ನಾರಾಯಣಪೇಟೆಯ ಚೌಕಳಿ ಸೀರೆಯದೂ ಇದೇ ಕಥೆ. 'ನನ್ನ ಮಗ ಕೇಳಿ ಕಲಿಯುವವನು, ಅವನಿಗೆ ನೇಯ್ಗೆಯನ್ನು ಬಾಯಲ್ಲಿ ಹೇಳಿಕೊಡಿ' ಎಂದು ಯಾವ ತಾಯಿಯಾದರೂ ಕೇಳಿದ್ದಾಳೆಯೇ?

ನಮ್ಮ ಓಣಿಯಲ್ಲಿ ಸಂಜೆ ಭಜನೆಗೆ ಕೂತರೆ ದಾರಿಯೇ ಬೇರೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ನಮ್ಮ ಸೀಮೆಯಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಬಂದದ್ದಕ್ಕಿಂತ ಬಾಯಿಂದ ಬಾಯಿಗೆ ಬಂದದ್ದೇ ಹೆಚ್ಚು. ಒಂದಕ್ಷರ ಬಾರದವರು ರಾತ್ರಿಯಿಡೀ ಪದ ಹೇಳುತ್ತಿದ್ದರು. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯಬೇಕು, ತಾಳ ತಪ್ಪಿದರೆ ಪದ ಬೀಳುತ್ತದೆ. ಹಾಡು ಕಿವಿಯಿಂದಲೇ ಬರಬೇಕಾದದ್ದು. ಇನ್ನು ಭೂಪಟವನ್ನು ತೆಗೆದುಕೋ. ಭೀಮೆ ಎಲ್ಲಿಂದ ಹರಿದು ಬಂದು ನಮ್ಮ ಕೃಷ್ಣಾ ಮಂಡಲದ ಗಡಿಯಲ್ಲಿ ಕೃಷ್ಣೆಯನ್ನು ಸೇರುತ್ತಾಳೆ, ಅಲ್ಲಿಂದ ನೀರು ಜುರಾಲಾ ಅಣೆಕಟ್ಟಿಗೆ ಹೇಗೆ ಹೋಗುತ್ತದೆ ಎಂಬುದನ್ನು ಹತ್ತು ಸಲ ಬಾಯಲ್ಲಿ ಹೇಳಿದರೂ ತಲೆಯಲ್ಲಿ ಚಿತ್ರ ಮೂಡುವುದಿಲ್ಲ. ಒಂದು ಸಲ ಗೆರೆ ಎಳೆದರೆ ಮುಗಿಯಿತು. ಅದು ಕಣ್ಣಿನ ಪಾಠ, ಎಲ್ಲ ಮಕ್ಕಳಿಗೂ ಕಣ್ಣಿನ ಪಾಠವೇ. 'ನಾನು ಕೇಳಿ ಕಲಿಯುವವಳು' ಎಂದು ಹಣೆಪಟ್ಟಿ ಕಟ್ಟಿಕೊಂಡ ಹುಡುಗಿ ಭೂಪಟ ಬಂದಾಗ ಪುಸ್ತಕ ಪಕ್ಕಕ್ಕಿಡುತ್ತಾಳೆ. ಶೈಲಿಯ ಮಾತು ಮಾಡುವ ನಿಜವಾದ ಕೇಡು ಅದೇ: ಕೆಟ್ಟ ಚಾರ್ಟು ಕೊಡುವುದು ಹಾಗಿರಲಿ, ಬಿಟ್ಟುಬಿಡಲು ಒಂದು ನೆಪ ಕೊಡುತ್ತದೆ.

ಈಗ ನೀನು ಓದುವ ರೀತಿಗೆ ಬರುತ್ತೇನೆ. ಸಂಕ್ರಾಂತಿಗೆ ಬಂದಾಗ ನಿನ್ನ ಸಮಾಜ ವಿಜ್ಞಾನದ ಪುಸ್ತಕ ತಿರುವಿ ನೋಡಿದೆ. ಹಸಿರು, ಹಳದಿ, ಗುಲಾಬಿ ಪೆನ್ನಿನಲ್ಲಿ ಗೆರೆ ಎಳೆದು ಹೊಲದಲ್ಲಿ ಹೂ ಬಿಟ್ಟ ಹಾಗೆ ಮಾಡಿದ್ದೀ. ನೋಡಲು ಚೆಂದ. ಆದರೆ 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಜೊತೆಯವರು ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದಾಗ ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕೆಳಗಿನ ಸಾಲಿಗೆ ಬಿದ್ದವು. ಮೇಲಿನ ಸಾಲಿನಲ್ಲಿ ನಿಂತವು ಎರಡೇ. ಪುಸ್ತಕ ಮುಚ್ಚಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಒಂದು, ನಡುವೆ ದಿನಗಳ ಬಿಡುವು ಕೊಟ್ಟು ಹಂಚಿಕೊಂಡು ಓದುವುದು ಇನ್ನೊಂದು.

ಮೊದಲನೆಯದಕ್ಕೆ ನಮ್ಮ ಹಳೆಯ ಶಾಲೆಗಳಲ್ಲಿ 'ಒಪ್ಪಿಸುವುದು' ಎನ್ನುತ್ತಿದ್ದರು. ಮಗ್ಗಿ ಒಪ್ಪಿಸು, ಪದ್ಯ ಒಪ್ಪಿಸು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಕೂಡ ಒಪ್ಪಿಸಬೇಕಿತ್ತು. ಅಂಗಡಿಯ ಲೆಕ್ಕಕ್ಕೆ ಅದು ಜೀವನಪೂರ್ತಿ ಸಾಕಾಗುತ್ತಿತ್ತು. ಆ ಶಾಲೆಗಳಲ್ಲಿ ಬೆತ್ತವಿತ್ತು, ಅರ್ಥ ಕೇಳಿದರೆ ಸಿಡುಕು ಇತ್ತು. ಅವುಗಳನ್ನು ಹೊಗಳುವವರ ಸಾಲಿನಲ್ಲಿ ನಾನಿಲ್ಲ. ಆದರೆ ಒಪ್ಪಿಸುವ ಕೆಲಸವೊಂದನ್ನು ಅವರು ಸರಿಯಾಗಿ ಹಿಡಿದಿದ್ದರು. ನಾವು ಬೆತ್ತ ಬಿಡುವ ಭರದಲ್ಲಿ ಅದನ್ನೂ ಬಿಟ್ಟೆವು.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ನಿನ್ನಂಥವರು ಗಮನಿಸಬೇಕಾದದ್ದು. ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿ ಪುಸ್ತಕ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೂರಕ್ಕೆ 40ರಷ್ಟು ನೆನಪಿತ್ತು, ನೋಡದೆ ಬರೆದವರಿಗೆ 61ರಷ್ಟು. ಪರೀಕ್ಷೆಯ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಪುಟ ತಿರುವುವವರಿಗೆ ಅದೇಕೆ ಹಿತ ಅನಿಸುತ್ತದೆ, ಮತ್ತು ಅದೇಕೆ ಮುಂದಿನ ತರಗತಿಗೆ ಉಳಿಯುವುದಿಲ್ಲ ಎಂಬ ಎರಡಕ್ಕೂ ಇಲ್ಲಿ ಉತ್ತರವಿದೆ.

ಮಾಡುವುದು ಹೇಗೆ ಅಂದರೆ, ಒಂದು ಪಾಠವನ್ನೇ ಹಿಡಿದು ಹೇಳುತ್ತೇನೆ. ಎಲೆ ಆಹಾರ ತಯಾರಿಸುವ ಪಾಠ ನಿನ್ನ ವಿಜ್ಞಾನದಲ್ಲಿದೆ. ಒಂದು ಸಲ ಮನಸ್ಸಿಟ್ಟು ಓದು. ಪುಸ್ತಕ ಮುಚ್ಚು. ಅಡುಗೆಮನೆಯಲ್ಲಿ ನಿಮ್ಮಜ್ಜಿ ರೊಟ್ಟಿ ಬಡಿಯುತ್ತಿರುತ್ತಾಳೆ, ಹತ್ತಿರ ಕೂತು ಆ ಪಾಠವನ್ನು ಅವಳಿಗೆ ಕನ್ನಡದಲ್ಲಿ ಹೇಳು. ಪಾರಿಭಾಷಿಕ ಪದ ಆದಷ್ಟು ಕಡಿಮೆ ಬಳಸು, ಅವಳಿಗೆ ಅವು ಬೇಡ. 'ಎಲೆ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ' ಎಂದು ನೀನು ಶುರು ಮಾಡುತ್ತೀ. ಅಜ್ಜಿ ಸುಮ್ಮನಿರುವವಳಲ್ಲ. 'ಹಂಗಾದರ ಉರಿ ಯಾವುದು?' ಎನ್ನುತ್ತಾಳೆ. ಬಿಸಿಲು. 'ಅಡಗಿಗೆ ಹಾಕೋದು ಏನು?' ಬೇರಿನಿಂದ ನೀರು, ಗಾಳಿಯಿಂದ ಇಂಗಾಲದ ಡೈಆಕ್ಸೈಡ್. 'ಏನು ತಯಾರಾಯ್ತು?' ಸಕ್ಕರೆ. 'ಹೊಗಿ ಎಲ್ಲಿಂದ ಹೋಗ್ತದ?' ಇಲ್ಲಿ ನೀನು ತಡವರಿಸುತ್ತೀ. ಹೊರಬರುವುದು ಹೊಗೆಯಲ್ಲ, ಆಮ್ಲಜನಕ. ಎಲೆಯ ಸಣ್ಣ ರಂಧ್ರಗಳಿಂದ. 'ರಾತ್ರಿ ಬಿಸಲಿಲ್ಲಲ್ಲ, ಆಗೇನು ಉಪವಾಸೇನು?' ಇದಕ್ಕೆ ನಿನ್ನಲ್ಲಿ ಉತ್ತರವಿಲ್ಲದಿದ್ದರೆ ಎದ್ದು ಹೋಗಿ ಪುಸ್ತಕ ತೆಗೆ. ಈಗ ಓದುವ ಓದು ಬೇರೆಯೇ ಆಗಿರುತ್ತದೆ, ಯಾಕೆಂದರೆ ಏನು ಹುಡುಕುತ್ತಿದ್ದೀ ಎಂದು ನಿನಗೆ ಗೊತ್ತಿದೆ. ಹಗಲು ಮಾಡಿದ ಸಕ್ಕರೆಯಲ್ಲಿ ಒಂದಿಷ್ಟನ್ನು ಪಿಷ್ಟವಾಗಿ ಕೂಡಿಟ್ಟು ರಾತ್ರಿ ಬಳಸಿಕೊಳ್ಳುತ್ತದೆ ಎಂಬ ಸಾಲು ಕಣ್ಣಿಗೆ ಬಿದ್ದರೆ ಇನ್ನು ಮರೆಯುವುದಿಲ್ಲ. ಆಮೇಲೆ ಒಂದು ಹಾಳೆಯ ಮೇಲೆ ಎಲೆ ಬರೆದು, ಒಳಗೆ ಹೋಗುವುದಕ್ಕೊಂದು ಬಾಣ, ಹೊರಗೆ ಬರುವುದಕ್ಕೊಂದು ಬಾಣ ಹಾಕಿ, ಕೊನೆಗೆ ಪರೀಕ್ಷೆಯ ಭಾಷೆಯಲ್ಲಿ ನಾಲ್ಕು ಸಾಲು ಬರೆ. ಇದರಲ್ಲಿ ಓದುವುದಿತ್ತು, ಮಾತಾಡುವುದಿತ್ತು, ಚಿತ್ರವಿತ್ತು, ಬರಹವಿತ್ತು. ನೀನು ಕಣ್ಣಿನವಳೋ ಕಿವಿಯವಳೋ ಎಂದು ಯಾರೂ ಕೇಳಬೇಕಾಗಲಿಲ್ಲ.

ಎರಡನೆಯ ಮಾತು ಬಿಡುವು ಕೊಟ್ಟು ಓದುವುದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದ. ಮರೆವು ಮೊದಲ ದಿನವೇ ಹೆಚ್ಚು, ಆಮೇಲೆ ನಿಧಾನ. ಆದ್ದರಿಂದ ಇಂದು ಓದಿದ್ದನ್ನು ನಾಳೆ ಒಂದು ಸಲ ಒಪ್ಪಿಸು, ಮೂರ್ನಾಲ್ಕು ದಿನ ಬಿಟ್ಟು ಇನ್ನೊಂದು ಸಲ, ಸಂತೆಯ ದಿನ ಬಂದಾಗ ಹಿಂದಿನ ಸಂತೆಯಿಂದ ಇಲ್ಲಿಯವರೆಗಿನದನ್ನೆಲ್ಲ ಒಂದು ಸಲ. ನಡುವೆ ಸ್ವಲ್ಪ ಮರೆತುಹೋಗಿರುತ್ತದೆ, ಮರೆಯಲಿ. ಮರೆಯುವ ಅಂಚಿನಲ್ಲಿದ್ದದ್ದನ್ನು ಎಳೆದು ತಂದಾಗಲೇ ಅದು ಗಟ್ಟಿಯಾಗುವುದು. ಒಂದೇ ರಾತ್ರಿ ಕೂತು ಮುಗಿಸುವೆ ಎಂದರೆ ಮರುದಿನದ ಪರೀಕ್ಷೆಗೆ ಹೇಗೋ ಆದೀತು, ಇಂಟರ್ಮೀಡಿಯೆಟ್ಟಿಗೆ ಹೋದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಗಣಿತಕ್ಕೆ ಇನ್ನೊಂದು ಸೇರಿಸು. ಪುಸ್ತಕದಲ್ಲಿ ಒಂದು ಅಭ್ಯಾಸಕ್ಕೆ ಒಂದೇ ಜಾತಿಯ ಲೆಕ್ಕ ಕೊಟ್ಟಿರುತ್ತಾರೆ. ಮೊದಲನೆಯದು ಹೇಗೆ ಮಾಡಿದೆಯೋ ಉಳಿದ ಹತ್ತೂ ಹಾಗೇ, ಯೋಚಿಸುವ ಕೆಲಸವೇ ಇಲ್ಲ. ಪರೀಕ್ಷೆಯಲ್ಲಿ ಲೆಕ್ಕದ ತಲೆಯ ಮೇಲೆ ಪಾಠದ ಹೆಸರು ಬರೆದಿರುವುದಿಲ್ಲ. ರೋರರ್ ಮತ್ತು ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಕೆಲವರಿಗೆ ಜಾತಿವಾರು, ಕೆಲವರಿಗೆ ಕಲಸಿ ಕೊಟ್ಟು ನೋಡಿದರು. ಅಭ್ಯಾಸ ಮಾಡುವಾಗ ಕಲಸಿದ ಗುಂಪು ಹೆಚ್ಚು ತಪ್ಪು ಮಾಡಿತು. ವಾರ ಕಳೆದು ಪರೀಕ್ಷೆ ಕೊಟ್ಟಾಗ ಆ ಗುಂಪಿಗೆ ನೂರಕ್ಕೆ 63, ಜಾತಿವಾರು ಮಾಡಿದವರಿಗೆ 20. ನೀನು ಬಡ್ಡಿಯ ಲೆಕ್ಕ ಎರಡು, ಸಿಲಿಂಡರಿನದು ಒಂದು, ತ್ರಿಕೋಣದ್ದು ಎರಡು, ಹೀಗೆ ಹಳೆಯ ಪಾಠಗಳಿಂದ ಎತ್ತಿ ಕಲಸಿಕೊಂಡು ಮಾಡು. ಮೊದಲು ಸಿಟ್ಟು ಬರುತ್ತದೆ, ಆಮೇಲೆ ರೂಢಿಯಾಗುತ್ತದೆ.

ಇನ್ನು ನಿನ್ನ ತಮ್ಮನ ವಿಷಯ. ಮಕ್ಕಳ ನಡುವೆ ವ್ಯತ್ಯಾಸವಿಲ್ಲವೆಂದು ನಾನು ಹೇಳಲಿಲ್ಲ, ವ್ಯತ್ಯಾಸ ಇರುವ ಜಾಗ ಬೇರೆ. ಯಾರಿಗೆ ಈಗಾಗಲೇ ಏನು ಗೊತ್ತಿದೆ, ಏನು ತಪ್ಪಿಹೋಗಿದೆ ಎಂಬಲ್ಲಿ ಅದು ಇದೆ. ನಮ್ಮ ಪಾಲಮೂರು ಸೀಮೆಯ ಜನ ದುಡಿಯಲು ಪುಣೆ, ಮುಂಬಯಿ, ಹೈದರಾಬಾದಿಗೆ ಹೋಗುವುದು ಹೊಸದಲ್ಲ. ಅವನು ಮೂರನೇ ತರಗತಿಯಲ್ಲಿದ್ದಾಗ ನಿಮ್ಮವರು ಅವನನ್ನೂ ಕರೆದುಕೊಂಡು ಪುಣೆಗೆ ಹೋಗಿದ್ದರು. ಭಾಗಾಕಾರ ಹೇಳಿಕೊಟ್ಟ ತಿಂಗಳುಗಳಲ್ಲಿ ಅವನು ಶಾಲೆಯಲ್ಲೇ ಇರಲಿಲ್ಲ. ಈಗ ಐದನೆಯಲ್ಲಿ ಭಿನ್ನರಾಶಿ ತಲೆಗೆ ಹತ್ತುತ್ತಿಲ್ಲ ಎಂದರೆ ಅದು ಶೈಲಿಯ ತೊಡಕೇ? ಎರಡು ಮೆಟ್ಟಿಲು ತಪ್ಪಿವೆ, ಅಷ್ಟೆ. ಪ್ರಥಮ್ ಸಂಸ್ಥೆ ಇದನ್ನು ಸರಿಯಾಗಿ ಕಂಡುಕೊಂಡಿತು. ಮಕ್ಕಳನ್ನು ದಿನಕ್ಕೆ ಒಂದೆರಡು ಗಂಟೆ ವಯಸ್ಸು, ತರಗತಿ ಬದಿಗಿಟ್ಟು, ಓದಿನಲ್ಲಿ ಲೆಕ್ಕದಲ್ಲಿ ಅವರು ಎಲ್ಲಿ ನಿಂತಿದ್ದಾರೋ ಅದರಂತೆ ಗುಂಪು ಮಾಡಿ ಕಲಿಸಿತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದನ್ನು ಹಲವು ರಾಜ್ಯಗಳಲ್ಲಿ ಅಳೆದು ನೋಡಿ ಫಲವಿದೆ ಎಂದರು. ಗಡಿಯಾಚೆ ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಜೀವಾಳವೂ ಇದೇ: ಮಗು ತಾನಿರುವ ಮೆಟ್ಟಿಲಿನಿಂದ ಮುಂದಿನದಕ್ಕೆ ಹೋಗಲಿ. ತೆಲಂಗಾಣದ ಶಾಲೆಗಳಲ್ಲಿ 2022ರಲ್ಲಿ ಬಂದ 'ತೊಲಿಮೆಟ್ಟು', ಅಂದರೆ ಮೊದಲ ಮೆಟ್ಟಿಲು, ಎಂಬ ಹೆಸರೂ ಅದನ್ನೇ ಹೇಳುತ್ತದೆ. ನೀನು ಅವನಿಗೆ ಭಿನ್ನರಾಶಿ ಹೇಳಿಕೊಡುವುದನ್ನು ಒಂದು ತಿಂಗಳು ನಿಲ್ಲಿಸು. ಭಾಗಾಕಾರ ಹೇಳಿಕೊಡು.

ಅದೂ ಹೇಗೆ? ಸಂತೆಯಲ್ಲಿ ನಿಮ್ಮವ್ವ ಕಾಯಿಪಲ್ಲೆ ಮಾರುವಾಗ ಚಿಲ್ಲರೆ ಎಣಿಸಿ ಕೊಡುವವನು ಅವನೇ. ಮುಕ್ಕಾಲು ಕಿಲೋ ಬದನೆಗೆ ಎಷ್ಟಾಯಿತು, ಇನ್ನೂರರ ನೋಟಿಗೆ ಎಷ್ಟು ವಾಪಸ್ಸು, ತಪ್ಪುವುದಿಲ್ಲ. ಅದೇ ಲೆಕ್ಕವನ್ನು ಶಾಲೆಯ ಹಾಳೆಯ ಮೇಲೆ ಬರೆದುಕೊಟ್ಟರೆ ಪೆನ್ಸಿಲು ಕಚ್ಚುತ್ತಾ ಕೂರುತ್ತಾನೆ. ಇವನೊಬ್ಬನೇ ಅಲ್ಲ. ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳಲ್ಲಿ ಇದೇ ಕಂಡಿತೆಂದು ಬ್ಯಾನರ್ಜಿ, ಡುಫ್ಲೋ ಮತ್ತು ಜೊತೆಯವರು 2025ರಲ್ಲಿ ಬರೆದಿದ್ದಾರೆ. ಬಾಯಿಲೆಕ್ಕ ಬಲ್ಲವರಿಗೆ ಶಾಲೆಯ ಲೆಕ್ಕ ಬಾರದು, ಶಾಲೆಯ ಲೆಕ್ಕ ಬಲ್ಲವರಿಗೆ ಸಂತೆಯ ಲೆಕ್ಕ ಬಾರದು. ಒಂದರಿಂದ ಇನ್ನೊಂದಕ್ಕೆ ದಾಟಿಸುವವರು ಯಾರೂ ಇರಲಿಲ್ಲ. ನೀನು ದಾಟಿಸು. ಅವನು ಬಾಯಲ್ಲಿ ಮಾಡಿದ ಲೆಕ್ಕವನ್ನೇ ಹೇಗೆ ಮಾಡಿದೆ ಎಂದು ಬಿಡಿಸಿ ಹೇಳಿಸು, ಹೇಳಿದ್ದನ್ನೇ ಅಂಕಿಗಳಲ್ಲಿ ಬರೆಸು, 'ನೋಡು, ಇದೇ ಆ ಭಾಗಾಕಾರ' ಎಂದು ತೋರಿಸು.

ಮತ್ತೊಂದು. ಅವನು ಹಲಗೆಯ ಮೇಲಿನದನ್ನು ಬರೆದುಕೊಳ್ಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾನೆ, ಅದಕ್ಕೇ ಯಾರೋ 'ಕೇಳಿ ಕಲಿಯುವ ಹುಡುಗ' ಎಂದರಂತೆ. ಮೊದಲು ಕಣ್ಣು ತೋರಿಸಿ. 2018ರಲ್ಲಿ ಕಂಟಿ ವೆಲುಗು ಕಣ್ಣಿನ ತಪಾಸಣೆ ಶಿಬಿರಗಳು ನಮ್ಮ ಊರುಗಳಿಗೆ ಬಂದಾಗ ದೊಡ್ಡವರು ಸಾಲು ನಿಂತು ಕನ್ನಡಕ ಪಡೆದರು, ಮಕ್ಕಳಿಗೂ ದೂರದ ಅಕ್ಷರ ಮಸುಕಾಗಿರಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ಕಿವಿಯೂ ಹಾಗೆಯೇ, ಸೋರುವ ಕಿವಿಯ ಹುಡುಗ ಹಿಂದಿನ ಬೆಂಚಿನಲ್ಲಿ ಕೂತರೆ ದಡ್ಡನೆನಿಸಿಕೊಳ್ಳುತ್ತಾನೆ. ಅಕ್ಷರ ಬಿಡಿಸಿ ಓದುವುದರಲ್ಲೇ ತೊಡಕಿರುವ ಮಕ್ಕಳೂ ಇದ್ದಾರೆ, ಅವರಿಗೆ ಬೇರೆಯಾಗಿ ಹೇಳಿಕೊಡುವ ಕ್ರಮವಿದೆ. ಇವೆಲ್ಲ ನಿಜವಾದ ವ್ಯತ್ಯಾಸಗಳು. ಇವನ್ನು ಹುಡುಕಲು ಡಾಕ್ಟರೋ ಬಲ್ಲವರೋ ಬೇಕು.

ಕಡೆಯದು ಭಾಷೆ. ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ನಮ್ಮ ಗುಂಡುಮಾಲ್ 2022ರಲ್ಲಿ ಮಂಡಲವಾಯಿತು, ಅದಕ್ಕೆ ಮೂರು ವರ್ಷ ಹಿಂದೆ ನಾರಾಯಣಪೇಟೆ ಜಿಲ್ಲೆಯಾಯಿತು. ಹಲಗೆಗಳು ಬದಲಾದವು, ಮಾತು ಇದ್ದಂತೆಯೇ ಇದೆ: ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್‌ ಸ್ಟ್ಯಾಂಡಿನಲ್ಲಿ ಉರ್ದು. ನಿಜಾಮರ ಕಾಲದ ಕೊನೆಯಲ್ಲಿ ಮೇಲಿನ ಓದು ಹೆಚ್ಚಾಗಿ ಉರ್ದುವಿನಲ್ಲಿ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಪಾಠ ಹೇಳಿದ್ದೇ ಆ ಭಾಷೆಯಲ್ಲಿ. ನಮ್ಮ ಹಿರಿಯರು ಲೆಕ್ಕ ಉರ್ದುವಿನಲ್ಲಿ, ಹಾಡು ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ ಎಂದು ಹಂಚಿಕೊಂಡಿದ್ದರು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಬಹುಪಾಲು ಮೈಸೂರಿಗೆ ಹೋದಾಗ ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು, ಗುಲ್ಬರ್ಗದ ಕೊಡಂಗಲ್ ತಾಲ್ಲೂಕು ಈ ಕಡೆ ಉಳಿದವು. ಕೃಷ್ಣಾ ಮಂಡಲದ ಕಡೆ ಇವತ್ತಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ನಿನಗೆ ಆ ಭಾಗ್ಯವಿರಲಿಲ್ಲ: ತೆಲುಗಿನಲ್ಲಿ ಅಕ್ಷರ ಕಲಿತೆ, 2022-23ರಲ್ಲಿ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಬಂದಾಗ ನಡುದಾರಿಯಲ್ಲಿ ಬಂಡಿ ಬದಲಾಯಿಸಿದೆ.

ಪಾಠ ತಲೆಗೆ ಹೋಗದಿದ್ದಾಗ ಬಹಳ ಸಲ ಹೋಗದಿರುವುದು ಪಾಠವಲ್ಲ, ಅದರ ಭಾಷೆ. ಆದ್ದರಿಂದ ಅರ್ಥವನ್ನು ಕನ್ನಡದಲ್ಲಿ ಹಿಡಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆ. ಎರಡು ಕೆಲಸ ಒಟ್ಟಿಗೆ ಮಾಡಬೇಡ. ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ನಿನಗೆ ತಿಳಿದ ಹಾಗೆ ಮನೆಮಾತಿನಲ್ಲಿ ಬರೆ, ಯಾರೂ ಅದಕ್ಕೆ ಅಂಕ ಹಾಕುವುದಿಲ್ಲ. ಬಲಗಡೆ ಪುಟದಲ್ಲಿ ಪರೀಕ್ಷೆಗೆ ಬೇಕಾದ ಹಾಗೆ. ಕನ್ನಡ ಅಕ್ಷರ ಬರೆಯಲು ಬಾರದಲ್ಲ ಮುತ್ಯಾ ಎನ್ನಬೇಡ. ತೆಲುಗು ಬಂದವರಿಗೆ ಅದು ಕೆಲವು ವಾರದ ಕೆಲಸ. ಗ, ದ, ಬ, ಮ, ಯ, ಲ, ವ ಹೆಚ್ಚುಕಡಿಮೆ ಒಂದೇ, ತಲೆಕಟ್ಟು ಮಾತ್ರ ಬೇರೆ. ಕ, ತ, ಚ, ಶ ಇವುಗಳಲ್ಲಿ ಎಡವುತ್ತೀ, ಅವುಗಳನ್ನು ಎರಡೂ ಲಿಪಿಯಲ್ಲಿ ಅಕ್ಕಪಕ್ಕ ಬರೆದು ಎಲ್ಲಿ ಬೇರೆ ಎಂದು ಗುರುತು ಮಾಡಿಕೋ. ಅಲ್ಲಿಯವರೆಗೆ ಕನ್ನಡವನ್ನು ತೆಲುಗು ಅಕ್ಷರದಲ್ಲೇ ಬರೆದರೂ ನನ್ನ ತಕರಾರಿಲ್ಲ.

ನಿಮ್ಮವ್ವನಿಗೂ ಒಂದು ಮಾತು ಹೇಳು. ತರಗತಿಯಲ್ಲಿ ಕನ್ನಡ, ತೆಲುಗು ಬಾಯಿಗೆ ಬಂದರೆ ಐದು ರೂಪಾಯಿ ದಂಡ ಹಾಕುವ ಶಾಲೆಗೆ ತಮ್ಮನನ್ನು ಸೇರಿಸುವ ಯೋಚನೆ ಇದೆಯಂತೆ. ಇಂಗ್ಲಿಷು ಬೇಕು, ಬೇಡವೆನ್ನುವ ಮುದುಕ ನಾನಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿರುವ ಮಾತಿನಲ್ಲಿ ಕೇಳಬಾರದು ಎಂದು ಕಟ್ಟು ಮಾಡಿದರೆ ಹುಡುಗ ಕೇಳುವುದನ್ನೇ ಬಿಡುತ್ತಾನೆ. ಸೇರಿಸುವ ಮೊದಲು ಅವಳೇ ಹೋಗಿ ಹೆಡ್‌ಮಾಸ್ಟರರನ್ನು ಕೇಳಲಿ: ನನ್ನ ಮಗನಿಗೆ ತಿಳಿಯದಿದ್ದರೆ ಕನ್ನಡದಲ್ಲೋ ತೆಲುಗಿನಲ್ಲೋ ಕೇಳಬಹುದೇ? ಬೇಡ ಎಂದರೆ ಅಲ್ಲಿಗೆ ಫೀಸು ಕಟ್ಟಬೇಡಿ.